ಮಿಕ್ಕ ಒಂದು ಬಾಂಡ್ಲಿ

ಗೋದಲಿ ಮುಗಿಯಿತು. ದ್ಯಾವಣ್ಣ ಮೇಸ್ತ್ರಿ
ಕರಣೆಯನ್ನು ಬಕೆಟ್ಟಿನಲ್ಲಿ ಜಾಲಾಡಿಸಿ ತೊಳೆದ,
ಮಟ್ಟಗೋಲನ್ನು ಟಿವಿಎಸ್ಸಿಗೆ ಬಿಗಿದ,
ಎಲೆ ಅಡಿಕೆ ದವಡೆಗೆ ತಳ್ಳಿಕೊಂಡು ಹೇಳಿದ:
‘ಒಂದು ಬಾಂಡ್ಲಿ ಗಾರೆ ಮಿಕ್ಕದೆ ಕನಮ್ಮ.
ಹೊತ್ತು ಮುಳುಗೋದ್ರೊಳಗೆ ಎಲ್ಲಾರ ಮೆತ್ಕೊ,
ಇಲ್ದಿದ್ರೆ ಬೆಳಿಗ್ಗೆಗೆ ಬಾಂಡ್ಲಿ ಸಮೇತ ಕಲ್ಲು.’
ಹೋದ. ನಾಲೆ ಏರಿಯ ಮೇಲೆ ಅವನ ಗಾಡಿಯ ಹೊಗೆ
ಕಬ್ಬಿನ ಸೂಲಂಗಿಯಷ್ಟು ಎತ್ತರಕ್ಕೆ ಎದ್ದು
ಅಲ್ಲೇ ಮಲಗಿತು.

ಪಾಂಡವಪುರದಿಂದ ಬಾಡಿಗೆ ಕೊಟ್ಟು ತರಿಸಿದ ಸಿಮೆಂಟು.
ಚೆಲ್ಲಲು ಕೈ ಬರುತ್ತದೆಯೇ?
ಕುಕ್ಕರುಗಾಲಲ್ಲಿ ಕೂತು ನೋಡಿದೆ ಮನೆಯನ್ನು,
ಮಗುವಿನ ತಲೆಯಲ್ಲಿ ಹೇನು ಹುಡುಕುವವಳ ಹಾಗೆ.

ಮೊದಲು ಬಚ್ಚಲ ಹಿಂದಿನ ಹೆಗ್ಗಣದ ಬಿಲ:
ಗಾಜಿನ ಚೂರು ತುರುಕಿ ಮೇಲೆ ಎರಡು ಹಿಡಿ.
ಆಮೇಲೆ ಒಗೆಯುವ ಕಲ್ಲಿನ ಕುಂಟುಗಾಲು.
ಮದುವೆಯಾಗಿ ಬಂದ ವಾರದಿಂದಲೂ ಅದು
ಟಕ್ ಟಕ್ ಎಂದು ನನ್ನೊಡನೆ ಮಾತಾಡುತ್ತಿತ್ತು,
ಸೀರೆಗೊಂದು ಟಕ್, ಪಂಚೆಗೆರಡು.
ಈಗ ಅದರ ಬಾಯಿ ಮುಚ್ಚಿತು.
ಒಂದು ಗಳಿಗೆ, ಯಾಕೋ, ಹೊಟ್ಟೆಯೊಳಗೆ ಕಸಿವಿಸಿ.

ಜಗಲಿಯ ಮೇಲೆ ಅತ್ತೆ ನಿಂಗಾಜಮ್ಮ ಈಗ ಮೇಸ್ತ್ರಿ:
‘ಹೊಸಲು ಪಕ್ಕದ ಸೀಳು ಕಾಣಕ್ಕಿಲ್ವ? ಚೇಳು ಬತ್ತವೆ.
ಮೀಟ್ರು ಬೋರ್ಡಿನ ಕೆಳಗೆ ನೋಡು. ಒಲೆ ಎಡಗಿವಿ ನೋಡು.
ತೆಳ್ಳಗೆ ಬಳಿ, ರೊಟ್ಟಿ ತಟ್ತಾ ಇದ್ದೀಯ?’
ಒಲೆಗೆ ಸಿಮೆಂಟು ನಿಲ್ಲಕ್ಕಿಲ್ಲ ಅಂದೆ.
‘ನಿಲ್ದಿದ್ರೆ ಬೀಳ್ಲಿ. ಹಾಕು.’
ಹಾಕಿದೆ. ಕೈಯಲ್ಲಿ ಕರಣೆಯಿಲ್ಲ, ಹಿಡಿ ಮುರಿದ ಸೌಟು.
ಬೆರಳ ಸಂದಿಯಲ್ಲಿ ಗಾರೆ ಬಿಗಿದು
ಚರ್ಮ ಚುರುಚುರು.

ಇಷ್ಟಾಗಿ ಬಾಂಡ್ಲಿ ತಳದಲ್ಲಿ ಮೂರು ಹಿಡಿ ಉಳಿಯಿತು.

ನಮಗೂ ಜವನಮ್ಮನ ಮನೆಗೂ ನಡುವೆ ಒಂದೇ ನಲ್ಲಿಕಟ್ಟೆ.
ಬಿರಿದು ಮೂರು ವರ್ಷ.
ಅವರ ಎಮ್ಮೆ ಮೆಟ್ಟಿದ್ದು ಅಂತ ನಮ್ಮವರು,
ನಮ್ಮ ಟಿಲ್ಲರು ಗುದ್ದಿದ್ದು ಅಂತ ಅವರು,
ಒಡೆದೋರೇ ಕಟ್ಲಿ ಅಂತ ಎರಡೂ ಮನೆ.
ನೀರು ಮಾತ್ರ ಯಾವ ಕಡೆಗೂ ಸೇರದೆ
ಸೀಳಿನ ಬಾಯಲ್ಲಿ ಒಂದು ಕೆಸುವಿನ ಗಿಡ ಸಾಕಿಕೊಂಡಿತ್ತು.
ಟಿಲ್ಲರು ಹಿಂದಕ್ಕೆ ತೆಗೆದ ದಿನ
ಹಿಂದೆ ನಿಂತು ದಾರಿ ಹೇಳಿದವಳು ನಾನು.
‘ಬಾ, ಬಾ, ಇನ್ನೂ ಜಾಗ ಅದೆ’ ಅಂದವಳು.

ಕರೆಂಟು ಹೋಗಿತ್ತು. ಲಾಟೀನು ಹಚ್ಚದೆ ಹೋದೆ.
ಕೆಸುವನ್ನು ಕೀಳದೆ ಪಕ್ಕಕ್ಕೆ ಬಾಗಿಸಿ
ಸೀಳಿನ ಉದ್ದಕ್ಕೂ ಬೆರಳಲ್ಲೇ ಒತ್ತಿಕೊಂಡು ಬಂದೆ.
ಯಾರೂ ನೋಡಲಿಲ್ಲ. ಅವರ ನಾಯಿ ನೋಡಿತು, ಬೊಗಳಲಿಲ್ಲ.

ಸಿಮೆಂಟಿಗೆ ಏಳು ದಿನ ನೀರು.
ಬಾಣಂತಿಗೆ ಹೆಂಗೋ ಹಂಗೆ, ಅಂತಾನೆ ದ್ಯಾವಣ್ಣ.
ಬೆಳಿಗ್ಗೆ ಎದ್ದರೆ ಚೊಂಬು ಹಿಡಿದು ನನ್ನ ಪ್ರದಕ್ಷಿಣೆ.
ಹೊಸಲ ಪಕ್ಕದಲ್ಲಿ ಕೋಳಿಯ ಮೂರು ಬೆರಳು ಅಚ್ಚೊತ್ತಿವೆ.
ಹೆಗ್ಗಣ ಎರಡು ಗೇಣು ಆಚೆಗೆ ಹೊಸ ಬಾಗಿಲು ತೆಗೆದಿದೆ.
ನಾಲ್ಕನೆಯ ದಿನ ಒಲೆಯ ಕಿವಿ ಉದುರಿತು,
ಅತ್ತೆ ಅದನ್ನು ನೋಡಲೇ ಇಲ್ಲ.

ನಲ್ಲಿಕಟ್ಟೆಗೆ ಮಾತ್ರ ಮಬ್ಬಿನಲ್ಲೇ, ಯಾರೂ ಏಳುವ ಮೊದಲು.
ಐದನೆಯ ಬೆಳಿಗ್ಗೆ ಹೋದರೆ ಅಲ್ಲಿ ಆಗಲೇ ತೇವ.
ಹಸಿ ಗಾರೆಯ ಮೇಲೆ ಒದ್ದೆ ಗೋಣಿಚೀಲ,
ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು.
ಚೀಲದ ಮೇಲೆ ನೀಲಿ ಬಣ್ಣದಲ್ಲಿ ‘ಜ’,
ಮಿಲ್ಲಿನಲ್ಲಿ ಅದಲು ಬದಲಾಗದಿರಲೆಂದು
ಎಂದೋ ಬರೆಸಿದ್ದು.

ಚೊಂಬಿನ ನೀರನ್ನು ಕೆಸುವಿಗೆ ಸುರಿದು ಬಂದೆ.